ಅದಿರು

ಕರೆಂಟು ಹೋಯಿತು.
ಇಪ್ಪತ್ತೆರಡು ಮಷೀನು ಒಮ್ಮೆಲೇ ಬಾಯಿ ಮುಚ್ಚಿದವು.
ಕಟಿಂಗ್ ಟೇಬಲ್ಲಿನ ಮೇಲೆ ಸೀಮೆಸುಣ್ಣದ ಡಬ್ಬಿ ಮಾತ್ರ
ಟಕಟಕ ಟಕಟಕ.
ಯಾರಲೇ ಅದು, ಅಂದೆ.
ಡಬ್ಬಿಯ ಮೇಲಿದ್ದದ್ದು ನನ್ನ ಎಡಗೈ.

ಅದಕ್ಕೂ ಮುಂಚೆ ಏನೇನೋ ಆಗಿತ್ತು, ಲೆಕ್ಕಕ್ಕೆ ಹಿಡಿದಿರಲಿಲ್ಲ.
ಕೌಲ್ ಬಜಾರಿನ ಮಿರ್ಚಿ ಬಂಡಿ ದಾಟಿ ಬಂದರೂ
ಎಣ್ಣೆ ಕಾದ ಸುದ್ದಿ ಮೂಗಿಗೆ ಮುಟ್ಟುತ್ತಿರಲಿಲ್ಲ.
ಪ್ಯಾಟರ್ನಿನ ಮೇಲೆ ಮೂವತ್ತೆರಡು, ಮೂವತ್ನಾಲ್ಕು, ಮೂವತ್ತಾರು
ಬರೆಯುತ್ತ ಹೋದಂತೆ
ಸೈಜು ದೊಡ್ಡದು, ಅಂಕಿ ಸಣ್ಣದು.
‘ಮಾಸ್ಟರ್, ಇರುವೆಗೆ ಪ್ಯಾಂಟಾ?’
ಚಹಾ ತರುವ ಖಾಸಿಂ ನಕ್ಕಿದ್ದ.
‘ಯಾಕೆ ಹಿಂಗ ಮುಖ ಬಿಗಿದೀರಿ, ನಾನೇನಂದೆ?’
ಹುಲಿಗೆಮ್ಮ ಕೇಳಿದ್ದಳು.
ನಗುತ್ತಲೇ ಇದ್ದೆ ನಾನು, ಒಳಗೆ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ, ನನ್ನ ತಂಗಿಯ ವಯಸ್ಸು,
ಹೆಬ್ಬೆರಳು ತೋರುಬೆರಳು ತಟ್ಟಿಸಿದರು,
ವರಾಂಡದಲ್ಲಿ ಆ ಕಡೆ ಈ ಕಡೆ ನಡೆಸಿದರು.
ಒಂದು ಕೈ ಬೀಸುತ್ತೆ, ಒಂದು ಜೋತುಬಿದ್ದಿದೆ, ನೋಡಿದೀರಾ?
ಇಲ್ಲ. ಊರ ಮಂದಿಯ ಕಾಲಿಗೆಲ್ಲ ಅಳತೆ ಇಟ್ಟವನು
ನನ್ನ ನಡಿಗೆ ನೋಡಿರಲಿಲ್ಲ.
ಕಾಗದ ಕೊಟ್ಟು, ಸುರುಳಿ ಬರೀರಿ ಅಂದರು.
ಬರೆದೆ. ಹೊಸಬ ಬಿಟ್ಟ ಜಿಲೇಬಿ.
ವಯಸ್ಸು?
ನಲವತ್ತೇಳು.
ಆಮೇಲೆ ಆ ಹೆಸರು, ಪಾರ್ಕಿನ್ಸನ್,
ಎರಡು ಸಲ ಹೇಳಿಸಿಕೊಂಡೆ,
ಸೊಂಟದ ಪಟ್ಟಿಗೆ ಹೊಲಿಯುವ
ಯಾವುದೋ ಬ್ರ್ಯಾಂಡಿನ ಲೇಬಲ್ಲಿನ ಹಾಗಿತ್ತು.

‘ವಿಚಿತ್ರ ಅಂದರೆ, ಕೆಲಸ ಹಿಡಿದಾಗ ಕೈ ಸುಮ್ಮನಿರುತ್ತೆ,
ಬಿಟ್ಟು ಕೂತಾಗ ನಡುಗುತ್ತೆ.’
ವಿಚಿತ್ರವೇನು ತಾಯೀ,
ಹದಿನಾರಕ್ಕೆ ಕತ್ತರಿ ಹಿಡಿಸಿದ್ದೆ,
ಸುಮ್ಮನೆ ಕೂರುವುದನ್ನು ಅದಕ್ಕೆ ಕಲಿಸಲೇ ಇಲ್ಲ.

ಆ ರಾತ್ರಿ ಮಾಳಿಗೆಯ ಮೇಲೆ ಮಲಗಿ ಗುಡ್ಡ ನೋಡಿದೆ.
ಒಂದೇ ಬಂಡೆ. ಹಗಲಿನ ಬಿಸಿಲೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು
ಕದಲದೆ ಕೂತಿತ್ತು.
ಅದರ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಕೆಳಗೆ ಮಗಳು ನಾಗವೇಣಿ ನಾನಾರ್ಥ ಬಾಯಿಪಾಠ:
ಅದಿರು, ಲೋಹದ ಕಲ್ಲು.
ಅದಿರು, ನಡುಗು.
ಸಂಡೂರಿನ ಲಾರಿಗಳು ಸಾಲುಗಟ್ಟಿ ಬರುತ್ತಿದ್ದ ಕಾಲಕ್ಕೆ
ಗೂಡಿನ ಸ್ಟೀಲ್ ಲೋಟಗಳು ಇಡೀ ರಾತ್ರಿ
ಒಂದಕ್ಕೊಂದು ತಾಗುತ್ತಿದ್ದವು, ನಾವು ಮಲಗೇ ಇದ್ದೆವು.
ಲಾರಿ ನಿಂತ ವರ್ಷ, ಏನೋ ಕಡಿಮೆಯಾಗಿ
ನಡುರಾತ್ರಿ ಎದ್ದು ಕೂತದ್ದೂ ಉಂಟು.
ಒಗ್ಗಿದ್ದು ನಿಜ.
ಒಪ್ಪಿದ್ದೆವಾ, ಗೊತ್ತಿಲ್ಲ.

ಈಗ ದಿನಕ್ಕೆ ಮೂರು ಗುಳಿಗೆ, ಊಟಕ್ಕೆ ಮೊದಲು.
ಗುಳಿಗೆ ಹತ್ತಿದ ಹೊತ್ತಿನಲ್ಲಿ
ಅರವತ್ತು ಪದರ ಡೆನಿಮ್ ಸೀಳುತ್ತೇನೆ, ಗೆರೆ ತಪ್ಪದೆ.
ಇಳಿಯುವ ಹೊತ್ತಿಗೆ ಸರಿದು ನಿಂತು
ಎರ್ರಿಸ್ವಾಮಿಯ ಕೈಗೆ ಮಷೀನು ಕೊಡುತ್ತೇನೆ.
ಅವನು ಗೆರೆ ತಿನ್ನುತ್ತಾನೆ. ಬೈಯುತ್ತೇನೆ.
ಬೈಗುಳ ಅವೇ ಹಳೆಯವು,
ದನಿ ಸಣ್ಣದಾಗಿದೆ,
ಕಿವಿಗೊಟ್ಟು ಬೈಸಿಕೊಳ್ಳಬೇಕು ಪಾಪ.

ಮೊನ್ನೆ ಮತ್ತೆ ಕರೆಂಟು ಹೋಯಿತು.
ಕೈಯನ್ನು ತೊಡೆಯ ಕೆಳಗೆ ಒತ್ತಿ ಕೂರಲಿಲ್ಲ,
ಡಬ್ಬಿಯ ಮೇಲಿಟ್ಟೆ.
ಟಕಟಕ ಟಕಟಕ.
ಇಪ್ಪತ್ತೆರಡು ಮುಖ ತಿರುಗಿದವು.
‘ಇದೇ ನೋಡ್ರಪ್ಪ’ ಅಂದೆ. ಹೆಸರು ಹೇಳಿದೆ.
ಯಾರೂ ಏನೂ ಅನ್ನಲಿಲ್ಲ.
ಹೊರಗೆ ಯಾರೋ ಜನರೇಟರಿನ ಹಗ್ಗ ಎಳೆಯುತ್ತಿದ್ದರು,
ಅದು ಹತ್ತುತ್ತಿರಲಿಲ್ಲ.

ಖಾಸಿಂ ಚಹಾ ತಂದ.
ಎಲ್ಲರಿಗೂ ಅಂಚಿನವರೆಗೆ, ನನಗೆ ಅರ್ಧ.
ನಾನು ಕೇಳಿರಲಿಲ್ಲ.
ಕುಡಿದು ಲೋಟ ಇಟ್ಟೆ.
ಅವನು ಇನ್ನರ್ಧ ಸುರಿದ.