ಹನ್ನೊಂದನೇ ನಂಬರಿನ ಗಾಜು

ಬೈತಖೋಲದಲ್ಲಿ ದಡಕ್ಕೆಳೆದ ಟ್ರಾಲರಿನ
ಹೊಟ್ಟೆಯಡಿ ಮಲಗಿ ಬೆಸೆಯುತ್ತಿದ್ದೆ. ಬಂದಳು
ಮಾಜಾಳಿಯ ಸುಕನ್ಯಾ ದುರ್ಗೇಕರ್,
ಕಂಕುಳಲ್ಲಿ ಮುರಿದ ಕಬ್ಬಿಣದ ಮುಕ್ಕಾಲಿ.
‘ದುರ್ಬೀನಿನ ಕಾಲು. ಇವತ್ತು ಅಮಾಸೆ, ಇವತ್ತೇ ಬೇಕು.’
ನೂರು ಅಂದೆ. ಎಂಬತ್ತು ಕೊಟ್ಟಳು.

ಆರ್ಕ್ ಹೊತ್ತಿಸುವ ಮುಂಚೆ ಕೂಗಿದೆ: ಮುಖ ತಿರುಗಿಸು!
ಕಾಣುವ ಬೆಳಕಿನದು ಬರೀ ಬೊಗಳಿಕೆ,
ಕಚ್ಚುವುದು ಅದರ ಬೆನ್ನಿಗಿರುವ ಕಾಣದ್ದು.
ಮೊದಲ ವರ್ಷ ನಾನೂ ಉಡಾಫೆ ಮಾಡಿ
ಕಣ್ಣಿಗೆ ಮರಳು ತುಂಬಿದಂತೆ ಒದ್ದಾಡಿದ್ದೆ.
ಆಯಿ ಹಸಿ ಬಟಾಟೆ ಹೆಚ್ಚಿ ರೆಪ್ಪೆಗಿಟ್ಟು
ಬೆಳಗಿನವರೆಗೆ ಬೈಯುತ್ತ ಕೂತಿದ್ದಳು.

ಮೂಗರಳಿಸಿದಳು. ‘ಇದೇನು ವಾಸನೆ ಗೊತ್ತಾ?’
ದಿನಾ ಬರುತ್ತದೆ, ಹೆಸರು ಕೇಳಿಲ್ಲ.
‘ಓಜೋನು. ನಿಮ್ಮ ಬೆಳಕು ಗಾಳಿಯ ಜೋಡಿಗಳನ್ನು ಒಡೆಯಿತು,
ಒಂಟಿಯಾದದ್ದು ಇನ್ನೊಂದು ಜೋಡಿಯ ನಡುವೆ ಹೊಕ್ಕಿತು.’
ಇಪ್ಪತ್ತಾರು ವರ್ಷ
ಈ ಮೂರನೆಯವನನ್ನು ಉಸಿರಾಡಿದ್ದೇನೆ.

ಆಮೇಲೆ ತಾನು ಓದುವ ಗೆಲಾಕ್ಸಿಯ ಸುದ್ದಿ ತೆಗೆದಳು:
ನೆರೆಯದೊಂದು ಹತ್ತಿರ ಹಾದು ಕಲಕಿದ್ದೇ ನೆಪ,
ಅಲ್ಲಿ ನಕ್ಷತ್ರಗಳ ಹೆರಿಗೆಯೋ ಹೆರಿಗೆ,
ಸೂಲಗಿತ್ತಿಗೆ ಪುರಸೊತ್ತಿಲ್ಲ.
ಕೂಸು ಕಣ್ಣು ಬಿಟ್ಟದ್ದೇ ತಡ
ಹೆತ್ತ ಮೋಡವನ್ನೇ ಸುಡುತ್ತದೆ.
ಜಲಜನಕ, ಇಂಗಾಲ, ಸಾರಜನಕ ಕೈಹಿಡಿದು ನಿಂತ
ವಿಷದ ಅಣುವಿನಿಂದ ಜಲಜನಕ ಕಳಚಿಕೊಳ್ಳುತ್ತದೆ.
ಇಡಿಯಾದವು ಎಷ್ಟು, ಮುರಿದವು ಎಷ್ಟು,
ಎರಡರ ದನಿಯನ್ನೂ ತೂಗಿ ಇವಳು
ಬೆಂಕಿ ಎಲ್ಲಿಯವರೆಗೆ ಹೋಗಿದೆ ಅಂತ ಲೆಕ್ಕ ಹಾಕುತ್ತಾಳಂತೆ.

‘ಎಲ್ಲ ಸುಟ್ಟರೆ ಮುಂದಿನವು ಹುಟ್ಟೋದು ಯಾತರಿಂದ?’
ಕಿಟ್ಟ ಕುಟ್ಟಿ ಉದುರಿಸುತ್ತ ಕೇಳಿದೆ.
‘ಧೂಳಿದೆಯಲ್ಲ. ಮಸಿಯಂಥ ಧೂಳು.
ಅಂಚಿನವು ಒಡೆಯುತ್ತವೆ. ಒಳಗಿನವು
ತಣ್ಣಗೆ, ಕತ್ತಲಲ್ಲಿ, ಕೂಡಿಯೇ ಇರುತ್ತವೆ.’

ಮುಖವಾಡ ತೆಗೆದು ಅದರ ಗಾಜು ಉಜ್ಜಿದೆ.
ಹನ್ನೊಂದನೇ ನಂಬರು. ಇದರ ಹಿಂದೆಯೇ
ಮದುವೆಯಾದೆ, ಎರಡು ಮಕ್ಕಳಾದವು,
ಸಾಲದ ದೋಣಿಗಳೆಷ್ಟೋ ನೀರಿಗಿಳಿದವು.

ರಾತ್ರಿ ಕರೆಂಟು ಹೋದದ್ದು ನೋಡಿ
ಅಲೆತಡೆಯ ಕಲ್ಲಿನ ಮೇಲೆ ಮುಕ್ಕಾಲಿ ಊರಿದಳು.
ಬೆಸುಗೆ ಅಲುಗಲಿಲ್ಲ. ನಾನು ಮೊದಲು ನೋಡಿದ್ದು ಅದನ್ನೇ.
ಸದಾಶಿವಗಡದಿಂದ ಇನ್ನೂ ಮೇಲೆ, ಉತ್ತರಕ್ಕೆ,
ಉಗುರು ಗೀರಿದಂಥ ಬಿಳಿ ಮಸುಕು.
‘ಇಷ್ಟೇನಾ?’
‘ಇಷ್ಟೇ. ಹೊರಟು ಒಂದು ಕೋಟಿ ಇಪ್ಪತ್ತು ಲಕ್ಷ ವರ್ಷ ಆಯ್ತು.’

ಮತ್ತೆ ಬಗ್ಗಿದೆ.
ರೂಢಿಯಂತೆ ಕೈ ಹಣೆಗೆ ಹೋಯಿತು
ಮುಖವಾಡ ಇಳಿಸಲು. ಇರಲಿಲ್ಲ.
ಹಾಗೆಯೇ ನೋಡಿದೆ.