ಗೇಟು ಬಿದ್ದಾಗ

ಹತ್ತಿಗಿಂತ ಹಗುರ ಅನ್ನುತ್ತಾರೆ ಮಂಡಕ್ಕಿಯನ್ನ.
ಅನ್ನುವವರು ಇಪ್ಪತ್ತೆರಡು ಚೀಲ
ಒಂದೇ ಕೈಗಾಡಿಗೆ ಹೇರಿಕೊಂಡು
ಅಶೋಕ ಟಾಕೀಸಿನ ಗೇಟಿನ ಏರಿಗೆ
ಬರಬೇಕು ಒಮ್ಮೆ, ಆಷಾಢದಲ್ಲಿ.

ಭಾರ ಕೆಳಗೆ ಎಳೆಯುವುದು ಸ್ವಲ್ಪವೇ.
ಉಳಿದದ್ದೆಲ್ಲ ಗಾಳಿಯದು.
ಚೀಲಗಳ ಗೋಡೆಗೆ ಹೆಗಲು ಕೊಟ್ಟು
ನಮ್ಮನ್ನು ಭಟ್ಟಿಯ ಕಡೆಗೇ ವಾಪಸು ಕಳಿಸಲು ನೋಡುತ್ತದೆ,
ಉದ್ರಿ ಕೊಡದ ಅಂಗಡಿಯವನ ಹಾಗೆ.

ಅಬ್ಬ ಮುಂದೆ, ಮೂಕಿಯ ನಡುವೆ.
ನಾನು ಹಿಂದೆ, ಚೀಲಕ್ಕೆ ಕೆನ್ನೆ ಹಚ್ಚಿ.
ನನಗೆ ಅವನು ಕಾಣುವುದಿಲ್ಲ, ಅವನಿಗೆ ನಾನು.
ಗಾಡಿಯ ಮೈಯೊಳಗೆ ಹಾದು ಬರುವ ಒತ್ತೇ ನಮ್ಮ ಮಾತು:
ಈಗ ತಳ್ಳು. ಈಗ ಸಾಕು. ಗುಂಡಿ ಇದೆ.

ಏರಿನ ನಡುವೆಯೇ ಗೇಟು ಬೀಳುತ್ತದೆ, ಯಾವತ್ತೂ.
ಟಣ ಟಣ ಗಂಟೆ, ಕೆಂಪು ಬಿಳಿ ಕೋಲು,
ಮುಂದೆ ಸ್ಕೂಟರು, ಹಿಂದೆ ಆಟೋ, ಮಧ್ಯೆ ನಾವು.
ನೋಡುವವರಿಗೆ ಅಲ್ಲೇನಿದೆ?
ಗಾಡಿ ನಿಂತಿದೆ. ಅಷ್ಟೇ.
ಬೀಡಿ ಸೇದುತ್ತಿದ್ದ ಒಬ್ಬ ಮುದುಕ ಅಂದ:
“ಹುಡುಗಿ ಆರಾಮ ನಿಂತಾಳ ನೋಡು.”
ನನ್ನ ಚಪ್ಪಲಿಯ ಉಂಗುಷ್ಟ ಕಿತ್ತು ಬರಲಿಕ್ಕೆ
ಒಂದು ನೂಲಷ್ಟೇ ಬಾಕಿ ಇತ್ತು.

ಆ ವಾರವೇ ರೇವಣಸಿದ್ದಪ್ಪ ಮೇಷ್ಟ್ರು
ಬೋರ್ಡಿನ ಮೇಲೊಂದು ಪೆಟ್ಟಿಗೆ ಬರೆದು
ಎಡಕ್ಕೊಂದು ಬಾಣ, ಬಲಕ್ಕೊಂದು ಬಾಣ,
ಸ್ಕೇಲಿಟ್ಟು ಅಳೆದು ಸಮ ಮಾಡಿ
“ಒಟ್ಟು ಬಲ ಸೊನ್ನೆ” ಅಂದರು.
ಎಲ್ಲರೂ ಸೊನ್ನೆ ಬರೆದುಕೊಂಡರು.
ನಾನು ಬರೆಯಲಿಲ್ಲ. ನನ್ನ ಅಂಗೈಗೆ
ಆ ಸೊನ್ನೆಯ ತೂಕ ಗೊತ್ತಿತ್ತು.

ಇನ್ನೊಂದು ಮಾತು ಹೇಳಿದರು, ಅದನ್ನು ಯಾರೂ ನಂಬಲಿಲ್ಲ:
ಓಡುತ್ತಿರುವುದರಲ್ಲೂ ಬಲಗಳು ಸಮ ಇರಬಹುದು.
ತಿಪ್ಪೇಶಿ ನಕ್ಕ. “ಸಮ ಇದ್ರ ಓಡೋದು ಹೆಂಗ್ರಿ ಸರ?”
ನನಗೆ ಪಿ.ಬಿ. ರಸ್ತೆ ಗೊತ್ತು.
ಬೆಳಗಿನ ಐದು ಗಂಟೆ, ಗಾಳಿ ಇನ್ನೂ ಎದ್ದಿಲ್ಲ,
ದೋಸೆ ಹೋಟೆಲಿನ ಹುಡುಗ ಕಾವಲಿ ತಿಕ್ಕುತ್ತಿದ್ದಾನೆ,
ಗಾಲಿ ಒಂದೇ ಸಮ ಕಿರಗುಟ್ಟುತ್ತದೆ,
ಡಾಂಬರು ತಡೆದಷ್ಟನ್ನು ನಾವು ಕೊಡುತ್ತೇವೆ,
ಅದಕ್ಕಿಂತ ಒಂದು ಕಾಳೂ ಜಾಸ್ತಿಯಿಲ್ಲ.
ಆಗ ಅಬ್ಬ ಲೆಕ್ಕ ಹೇಳುತ್ತಾನೆ,
ಯಾವ ಅಂಗಡಿಗೆ ಎಷ್ಟು ಚೀಲ, ಯಾರದು ಬಾಕಿ,
ಏದುಸಿರಿಲ್ಲದೆ.

ಇರಲಿ, ಗೇಟಿಗೆ ಬರುತ್ತೇನೆ.
ಗೂಡ್ಸು ಬಂತು. ಡಬ್ಬಿ ಎಣಿಸುತ್ತಿದ್ದೆ.
ನಲವತ್ತರ ಹತ್ತಿರ ಅಬ್ಬನಿಗೆ ಕೆಮ್ಮು ಬಂತು,
ಭಟ್ಟಿಯ ಹೊಗೆ ಕುಡಿದ ಕೆಮ್ಮು.
ಒಂದು ಕೈ ಬಾಯಿಗೆ ಹೋಯಿತು.
ಒಂದೇ ಕೈ. ಒಂದು ಕೆಮ್ಮಿನಷ್ಟು ಹೊತ್ತು.

ಗಾಡಿ ನನ್ನ ಕಡೆ ಬಂತು.
ಓಡಿ ಬರಲಿಲ್ಲ. ಮೊದಲು ಒಂದು ಬೆರಳು,
ಆಮೇಲೆ ಮೂರು, ಆಮೇಲೆ ಗೇಣು,
ಪ್ರತಿ ಸಲವೂ ಹಿಂದಿನದಕ್ಕಿಂತ ಬೇಗ.
ಆಗ ತಿಳಿಯಿತು, ಇಷ್ಟು ದಿನ
ನಾನೇ ತಡೆದೆ ಅಂದುಕೊಂಡಿದ್ದರಲ್ಲಿ
ನನ್ನ ಪಾಲು ಎಷ್ಟು ಸಣ್ಣದು.

ಬೀಡಿ ಮುದುಕ ಬಗ್ಗಿ
ಹಳಿಯ ಪಕ್ಕದ ಜಲ್ಲಿಕಲ್ಲೊಂದನ್ನು ಗಾಲಿಗೆ ಕೊಟ್ಟ.
ಮುಷ್ಟಿಯಷ್ಟು ಕಲ್ಲು.
ಗಾಡಿ ನಿಂತಿತು.
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
“ಕಲ್ಲು ಆರಾಮ ನಿಂತೈತಿ ನೋಡಜ್ಜ” ಅಂದೆ.
ಮುದುಕ ಬೀಡಿ ಆರಿಸಿದ.

ಗೇಟು ಎದ್ದಿತು. ಹಿಂದಿನ ಹಾರ್ನುಗಳೆಲ್ಲ ಒಮ್ಮೆಲೇ.
ಅಬ್ಬ ಎಳೆದ, ನಾನು ತಳ್ಳಿದೆ, ಗಾಡಿ ಕದಲಲಿಲ್ಲ;
ಮುದುಕ ಚೀಲಕ್ಕೆ ಒಂದು ಅಂಗೈ ಹಚ್ಚಿದ,
ಕದಲಿತು. ಅಷ್ಟೇ ವ್ಯತ್ಯಾಸ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲಿಲ್ಲ.
ಮರುದಿನ ನೋಡಿದರೆ ಅಬ್ಬ ಆ ಕಲ್ಲಿಗೆ ಹಗ್ಗ ಬಿಗಿದು
ಮೂಕಿಗೆ ತೂಗು ಹಾಕಿದ್ದ.
ಹೊರೆಗೆ ಇನ್ನೊಂದು ಅರ್ಧ ಕಿಲೋ.