ಬಿಡಿಸುವ ಕೂಲಿ

ನಮ್ಮ ಒಕ್ಕದ ಮದುವೆಗಳಲ್ಲಿ ಮೂವತ್ತು ವರ್ಷದಿಂದ
ಅರುವ ನಾನು.
ಹುಡುಗನ ಕಡೆ ನಿಂತು ಮಾತಾಡುವವನು,
ಹನ್ನೊಂದು ಹರಳು ಎಣಿಸಿ ಸಂಬಂಧ ಕೊಡುವವನು.
ಲೆಕ್ಕ ಒಮ್ಮೆಯೂ ತಪ್ಪಿಲ್ಲ. ಕುಡಿದಾಗಲೂ.

ಅದಕ್ಕೇ ಇರಬೇಕು, ನಿಶಾನ್ ನನ್ನನ್ನೇ ಹುಡುಕಿ ಬಂದ.
ಜಗಲಿಯಲ್ಲಿ ಕೂತು, ಹೆಲ್ಮೆಟ್ಟನ್ನು ತೊಡೆಯ ಮೇಲೆ
ಹಸುಗೂಸಿನ ಹಾಗೆ ಹಿಡಿದುಕೊಂಡು:
"ಮಾವ, ಸಿದ್ದಾಪುರಕ್ಕೆ ಹೋಗಿ
ಪೂವಮ್ಮನಿಗೆ ಒಂದು ಮಾತು ಹೇಳಿ ಬರಬೇಕು.
ಇನ್ನು ಬೇಡ ಅಂತ."
ನೀನೇ ಹೇಳು ಅಂದೆ.
"ನಾನು ಹೇಳಿದರೆ ಜಗಳ. ನೀವು ಹೇಳಿದರೆ ಮಾತು."
ಕಳ್ಳ, ಚೆಂದ ಆಡಿದ.
ಎರಡು ಸಾವಿರ ರೂಪಾಯಿ, ಕ್ಯಾಂಟೀನಿನ ಒಂದು ರಮ್ಮು,
ಬಸ್ಸಿನ ಖರ್ಚು ಬೇರೆ.

ಆಗುವುದಿಲ್ಲ ಅನ್ನಬಹುದಿತ್ತು.

ಕಾಫಿ ಮಂಡಿಯಲ್ಲಿ ತೇವ ಅಳೆಯುವುದು ಅವಳ ಕೆಲಸ.
ಮೂಟೆಗೆ ಕೊಳವೆ ಚುಚ್ಚಿ, ಹಿಡಿ ಬೀಜ ತೆಗೆದು,
ಯಂತ್ರದ ಬಟ್ಟಲಿಗೆ ಸುರಿದು, ಅಂಕಿ ನಿಲ್ಲುವವರೆಗೆ ಕಾದು
ಕೂಗುವುದು. ಹನ್ನೊಂದೂವರೆ. ಹನ್ನೆರಡು. ಹದಿನಾಲ್ಕು.
ಹದಿನಾಲ್ಕು ಅಂದರೆ ತಂದವನ ಮುಖ ಇಳಿಯುತ್ತದೆ,
"ಇನ್ನೆರಡು ಬಿಸಿಲು ತೋರಿಸಿ ತನ್ನಿ" ಅನ್ನುತ್ತಾಳೆ
ದನಿ ಏರಿಸದೆ, ಇಳಿಸದೆ.
ಸಾಲಿನಲ್ಲಿ ನಾನೂ ನಿಂತೆ, ಮೂಟೆಯಿಲ್ಲದೆ.

ಬಸ್ಸಿನಲ್ಲಿ ಮಾತು ಕಟ್ಟಿಕೊಂಡೇ ಬಂದಿದ್ದೆ:
ಮೊದಲು ಹಿರಿಯರ ಗಾದೆ, ನಡುವೆ ಹಣೆಬರಹ,
ಕೊನೆಗೆ ನಿನಗೂ ಒಳ್ಳೆಯದಾಗಲಿ ಮಗಳೇ.
ಸರದಿ ಬಂದಾಗ ಒಂದೂ ಬಾಯಿಗೆ ಬರಲಿಲ್ಲ.
ಕೂಡಿಸುವುದಕ್ಕೆ ನಮ್ಮಲ್ಲಿ ಪದವಿದೆ, ಪದಕ್ಕೆ ಇಳುಕು ಏರಿದೆ,
ಸಾಕ್ಷಿಗೆ ದೀಪ.
ಇದಕ್ಕೆ ಅಜ್ಜಂದಿರು ಏನೂ ಬಿಟ್ಟು ಹೋಗಿಲ್ಲ.
"ನಿಶಾನ್ ಕಳಿಸಿದ," ಅಂದೆ.

ಬಟ್ಟಲು ಒರೆಸುತ್ತಲೇ ಕೇಳಿದಳು:
"ಎಷ್ಟು ಕೊಟ್ಟ?"
ಎರಡು ಸಾವಿರ.
"ಬಾಟ್ಲಿ?"
ಅರ್ಧ ಆಯಿತು.
ನಕ್ಕಳು ಅಂತ ಹೇಳಲಾರೆ. ಹಲ್ಲು ಕಂಡವು.

ಆಗ ಹೊಳೆಯಿತು ನೋಡಿ, ಮದುವೆಯಲ್ಲಿ ಅರುವರು ಇಬ್ಬರು.
ಇಲ್ಲಿ ಅವಳ ಕಡೆ ಯಾರೂ ಇಲ್ಲ.
ಮೇಜು ಬಳಸಿ ಆಚೆ ಹೋದೆ, ಅವಳ ಪಕ್ಕ ನೆಟ್ಟಗೆ ನಿಂತೆ,
ನಿನ್ನ ಮಾತು ಹೇಳಮ್ಮ, ಅದನ್ನೂ ನಾನೇ ಒಯ್ಯುತ್ತೇನೆ,
ದುಡ್ಡು ಬೇಡ, ಅಂದೆ. ಗಂಟಲು ಸ್ವಲ್ಪ ತುಂಬಿತ್ತು.

"ಇಳೀರಿ ಮಾವ," ಅಂದಳು.
"ನೀವು ನಿಂತಿರೋದು ತಕ್ಕಡಿ ಮೇಲೆ."
ಗೋಡೆಯಲ್ಲಿ ಕೆಂಪು ಅಂಕಿ: ಅರುವತ್ತೊಂದು ಕಿಲೋ.
ಹಮಾಲರು ಬೇರೆ ಕಡೆ ತಿರುಗಿದರು.

ಅಷ್ಟರಲ್ಲಿ ಜೇಬಿನಲ್ಲಿ ಫೋನು.
"ಆಯ್ತಾ ಮಾವ? ಅತ್ತಳಾ?"
ನನ್ನ ಕಿವಿ ಮಂದ, ಅದಕ್ಕೆ ಫೋನಿನ ದನಿ ದೊಡ್ಡದು.
ಮಂಡಿಗೆಲ್ಲ ಕೇಳಿತು.
ಅವಳು ಕೈಚಾಚಿ ಫೋನು ಇಸಿದುಕೊಂಡು
ಬಟ್ಟಲಿನ ಪಕ್ಕ ಇಟ್ಟಳು, ಮುಂದಿನ ಮೂಟೆಗೆ
ಕೊಳವೆ ಚುಚ್ಚಿದಳು, ಸುರಿದಳು.
ತಗಡಿನ ಮೇಲೆ ಕಾಫಿ ಬೀಳುವ ಸದ್ದು, ಒಂದೇ ಸಮ.
ಹಲೋ, ಅಂದ ಅವನು.
ಹಲೋ.
ಅಂಕಿ ನಿಂತಿತು.
"ಹದಿನೇಳು. ಇನ್ನೂ ಹಸಿ," ಅಂದಳು. "ವಾಪಸ್ ಒಯ್ಯಿರಿ."

ಉಳಿದ ರಮ್ಮು ಹಾಗೇ ಇದೆ.
ಎರಡು ಸಾವಿರ ಇಲ್ಲ, ಯಾವುದಕ್ಕೋ ಖರ್ಚಾಯಿತು;
ಹಿಂದಿರುಗಿಸಿದೆ ಅಂತ ಸುಳ್ಳು ಯಾಕೆ ಹೇಳಲಿ.

ಈ ಮೇ ತಿಂಗಳು ಅಮ್ಮತ್ತಿಯಲ್ಲಿ ಒಂದು ಮದುವೆ.
ಹರಳು ಎಣಿಸುತ್ತ ಒಂಬತ್ತರ ಹತ್ತಿರ ನಿಂತುಬಿಟ್ಟೆ.
ಎದುರಿನ ಅರುವ ಕೆಮ್ಮಿದ. ಯಾರೋ ಮೈಕು ಸರಿಮಾಡಿದರು.
ಮದುಮಗಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು,
ಅಂಕಿ ನಿಲ್ಲಲಿ ಎಂದು ಕಾಯುವವರ ಹಾಗೆ.
ಮತ್ತೆ ಒಂದರಿಂದ ಶುರು ಮಾಡಿದೆ.